ಗೇಟು ದಾಟದ ದಾನಿಯ ಮಗ

"ನನ್ನ ಕೈಯಿಂದ ಕತ್ತರಿ ತಗೊಂಡ್ರೆ ನಿಮ್ಮ ಮರ್ಯಾದೆಗೆ ಏನೂ ಆಗಲ್ವಾ, ಸರ್?"

ಆಶಾರಾಣಿ ತುಟಿ ಅಲ್ಲಾಡಿಸದೆ ಕೇಳಿದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕತ್ತರಿ, ಮುಖದ ತುಂಬಾ ಫೋಟೋಗೆ ಬೇಕಾದ ನಗು. ಕಣ್ಣಲ್ಲಿ ಮಾತ್ರ ಕೆಂಡ!

ಅನಿಲ್‌ಕುಮಾರ್ ಕತ್ತರಿ ತೆಗೆದುಕೊಂಡು ಪಕ್ಕದಲ್ಲಿದ್ದ ಅಪ್ಪನಿಗೆ ಕೊಟ್ಟ. ಏನೋ ಹೇಳಲು ಬಾಯಿ ತೆರೆದ... ಅಷ್ಟರಲ್ಲಿ ಚನ್ನರಾಯಪ್ಪ ಟೇಪು ಕತ್ತರಿಸಿಯಾಗಿತ್ತು. ಚಪ್ಪಾಳೆಯಲ್ಲಿ ಅವನ ಮಾತು ಮುಳುಗಿಹೋಯಿತು.

'ಇವನಿಗೆ ಹೇಳೋಕೆ ಏನಿದೆ? ಅಪ್ಪನ ಬಾಲ!' ಆಶಾ ಮುಖ ತಿರುಗಿಸಿದಳು.

ಚನ್ನರಾಯಪ್ಪ ಕೋಲಾರದ ಟೊಮೆಟೊ ಮಂಡಿ ಸಾಹುಕಾರರು. ಊರಾಚೆಯ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ವಿಜ್ಞಾನದ ಹೊಸ ಕಟ್ಟಡ ಕಟ್ಟಿಸಿಕೊಟ್ಟಿದ್ದರು. ದಾನ ದೊಡ್ಡದೇ, ಇಲ್ಲ ಎಂದವರು ಯಾರು? ಆದರೆ ಅದನ್ನು ಒಂದು ಗಳಿಗೆ ಮರೆಯಲೂ ಅವರು ಯಾರಿಗೂ ಅವಕಾಶ ಕೊಟ್ಟಿರಲಿಲ್ಲ. ಬಾಗಿಲ ಕಲ್ಲಿನ ಮೇಲೆ ಹೆಸರು. ಬೆಂಚಿನ ಬೆನ್ನಿಗೂ ಹೆಸರು. ಫ್ಯಾನಿನ ರೆಕ್ಕೆಗಳ ಮೇಲೂ ಹೆಸರು, ತಿರುಗುವಾಗ ಯಾರು ಓದಬೇಕೋ! ಟ್ಯೂಬ್‌ಲೈಟುಗಳ ಮೇಲಂತೂ ಕೆಂಪು ಬಣ್ಣದಲ್ಲಿ ಎಷ್ಟು ದಪ್ಪಗೆ ಬರೆಸಿದ್ದರೆಂದರೆ, ಹೆಸರು ಬೆಳಗುತ್ತಿತ್ತು, ಕೋಣೆ ಮಬ್ಬಾಗಿತ್ತು.

ಇಂಥವರ ಮಗನನ್ನು ಆಶಾ ಪ್ರೀತಿಸಿದ್ದಳು. ಹೌದು, ಪ್ರೀತಿಸಿದ್ದಳು!

ಆಶಾ ಹುತ್ತೂರಿನವಳು, ಇಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಇಲ್ಲಿ ಯಾರೂ ಕೂರು ಎನ್ನದ, ಯಾರೂ ಮಾತು ಕೇಳದ ಜೀವ. ಕಟ್ಟಡದ ಗೋಡೆ ಏಳುತ್ತಿದ್ದಾಗ ಅವಳೊಮ್ಮೆ, "ಈ ಕಡೆ ಕಿಟಕಿ ಇಟ್ರೆ ಬಿಸಿಲು ನೇರ ಸ್ಕ್ರೀನ್ ಮೇಲೆ ಬೀಳುತ್ತೆ, ಮಕ್ಕಳಿಗೆ ಏನೂ ಕಾಣಲ್ಲ" ಎಂದಿದ್ದಳು. ಇಂಜಿನಿಯರ್ ನಕ್ಕುಬಿಟ್ಟಿದ್ದ. ವಕ್ಕಲೇರಿಯ ತೋಟದ ಕೆಲಸ ಮುಗಿಸಿ ಕಟ್ಟಡ ನೋಡಿಕೊಳ್ಳಲು ಬರುತ್ತಿದ್ದ ಅನಿಲ್ ಮಾತ್ರ ನಗಲಿಲ್ಲ. ಮರುದಿನವೇ ಗೋಡೆ ಒಡೆಸಿ ಕಿಟಕಿಯನ್ನು ಬೇರೆ ಕಡೆಗೆ ಇಡಿಸಿದ.

"ನಾನು ಸುಮ್ನೆ ಹೇಳಿದ್ದು ಕಣ್ರೀ..."

"ನಾನು ಸುಮ್ನೆ ಕೇಳಿಸ್ಕೊಂಡಿರ್ಲಿಲ್ಲ."

ಅಷ್ಟು ಸಾಕಾಗಿತ್ತು ಅವಳ ಮನಸ್ಸು ಜಾರಲು.

ಆಮೇಲೆ ಅನಿಲ್, ಅವನ ಅಪ್ಪ ಹೆಣ್ಣು ನೋಡಲು ಹುತ್ತೂರಿಗೆ ಬಂದರು. ಆಶಾಳದ್ದು ರೇಷ್ಮೆ ಮನೆ. ಪಡಸಾಲೆಯ ತುಂಬಾ ಹುಳದ ತಟ್ಟೆಗಳು. ಅದರ ನಡುವೆಯೇ ಜಾಗ ಮಾಡಿ ಚಾಪೆ ಹಾಸಿ ಅಪ್ಪ ಮುನಿಯಲ್ಲಪ್ಪ ಕಾಯುತ್ತಿದ್ದರು. ಕಾರಿನಿಂದ ಇಳಿದ ಅನಿಲ್ ಗೇಟಿನ ಹತ್ತಿರ ಬಂದ... ಅಲ್ಲೇ ನಿಂತ.

"ಬನ್ನಿ ಒಳಗೆ, ನೀರು ತಗೊಳ್ಳಿ."

"ಬೇಡ ಯಜಮಾನ್ರೇ, ನಾನು ಇಲ್ಲೇ ಇರ್ತೀನಿ. ಇನ್ನೊಂದು ದಿನ ಬರ್ತೀನಿ."

ಒಳಗೆ ಚಾಪೆಯ ಮೇಲೆ ಕೂತ ಚನ್ನರಾಯಪ್ಪ ಮೂಗಿಗೆ ಕರವಸ್ತ್ರ ಹಿಡಿದು ಗಹಗಹಿಸಿದರು. "ನಮ್ಮ ಹುಡುಗನಿಗೆ ಈ ಹುಳದ ವಾಸನೆ ಆಗಲ್ಲ ಕಣಪ್ಪಾ! ಬೇಜಾರು ಮಾಡ್ಕೋಬೇಡ."

ಗೇಟಿನ ಹೊರಗೆ ನಿಂತವನಿಗೂ ಆ ಮಾತು ಕೇಳಿಸಿತು. ಅಲ್ಲ ಎನ್ನಲಿಲ್ಲ. ತಲೆ ತಗ್ಗಿಸಿದ, ಅಷ್ಟೆ.

ಆ ವಾಸನೆಯಲ್ಲೇ ಹುಟ್ಟಿ, ಆ ವಾಸನೆಯಿಂದಲೇ ಓದಿ ಮೇಲೆ ಬಂದವಳು ಆಶಾ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಅಮ್ಮನನ್ನು ನೋಡಿದಳು. ಅವತ್ತೇ ಅವನ ನಂಬರ್ ಬ್ಲಾಕ್ ಮಾಡಿದಳು. ಎದುರು ಸಿಕ್ಕರೆ ದಾರಿ ಬದಲಿಸಿದಳು. ಈಗ ಮಾಲೂರಿನಿಂದ ಬೇರೊಂದು ಸಂಬಂಧ ಬಂದಿದೆ, ನಾಳೆ ಅಪ್ಪ ಒಪ್ಪಿಗೆ ಹೇಳಬೇಕು. ಹೇಳಲಿ! ಆದರೆ ರಾತ್ರಿಯೆಲ್ಲ ದಿಂಬು ಒದ್ದೆಯಾಗುವುದು ಯಾಕೆ? ಅದನ್ನು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಉದ್ಘಾಟನೆ ಮುಂದುವರಿಯಿತು. ಪುರೋಹಿತರು ಪ್ರತಿ ಕಂಪ್ಯೂಟರಿನ ಹಣೆಗೂ ಕುಂಕುಮ ಹಚ್ಚಿದರು, ಕೀಬೋರ್ಡಿನ ಮುಂದೆ ನಿಂಬೆಹಣ್ಣು ಇಟ್ಟರು. ಪ್ಲಾಸ್ಟಿಕ್ ಹೊದಿಕೆ ತೆಗೆಯಲು ಯಾರಿಗೂ ಧೈರ್ಯವಿರಲಿಲ್ಲ. ದಾನಿಗಳನ್ನು ಒಬ್ಬರು ಕರ್ಣ ಎಂದರೆ ಇನ್ನೊಬ್ಬರು ಕಲ್ಪವೃಕ್ಷ ಎಂದರು. ಪಾಠ ಹೇಳುವವರು ಯಾರು ಎಂದು ಒಬ್ಬರೂ ಅನ್ನಲಿಲ್ಲ. ನಿರೂಪಣೆ ಮಾಡುತ್ತಿದ್ದ ಆಶಾ ಆ ಹೊಗಳಿಕೆಗೆಲ್ಲ ಧನ್ಯವಾದ ಹೇಳಬೇಕಾಯಿತು. ನಾಲಿಗೆಗೆ ಬೇವು ಸವರಿದಂತಿತ್ತು.

ಊಟ ಮುಗಿಯಿತು. ಮಗಳ ನಿರೂಪಣೆ ನೋಡಲು ಬಂದಿದ್ದ ಮುನಿಯಲ್ಲಪ್ಪ, ಅಮ್ಮ ದೊಡ್ಡಗಂಗಮ್ಮ ಗೇಟಿನಲ್ಲಿ ಚಡಪಡಿಸುತ್ತಿದ್ದರು.

"ಹುಳ ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದಿದ್ದಾವೆ ಕಣೇ ಆಶಾ, ಸೊಪ್ಪು ಹಾಕೋ ಹೊತ್ತು. ಒಂದು ಬಸ್ಸೂ ಇಲ್ವಲ್ಲೇ!" ಅಮ್ಮ ಪೇಚಾಡಿದಳು.

ಸುತ್ತ ಮೇಷ್ಟ್ರುಗಳಿದ್ದರು, ಕ್ಯಾಮೆರಾದವನೂ ಇದ್ದ. ಇಂಥ ಅವಕಾಶ ಚನ್ನರಾಯಪ್ಪ ಬಿಡುತ್ತಾರೆಯೇ? ಪೇಟ ಸರಿಮಾಡಿಕೊಂಡು ಮುಂದೆ ಬಂದರು.

"ಲೇ ಅನಿಲಾ! ಇವ್ರನ್ನ ನಮ್ ಕಾರಲ್ಲೇ ಬಿಟ್ಟು ಬಾರೋ. ಪಾಪ, ಬಡವ್ರು!"

ಅನಿಲ್ ಕಾರಿನ ಬಾಗಿಲಿಗೆ ಅಡ್ಡ ನಿಂತ. "ಬೇಡಪ್ಪ. ಈ ಕಾರು ಬೇಡ. ಆಟೋ ಮಾಡಿಕೊಡ್ತೀನಿ."

ಅಷ್ಟೇ! ಆಶಾಳ ಕಟ್ಟೆ ಒಡೆಯಿತು.

"ಸೀಟಿಗೂ ವಾಸನೆ ಹತ್ಕೊಳ್ಳುತ್ತೆ ಅಂತಾನಾ? ಅವತ್ತು ಗೇಟು ದಾಟಿಲ್ಲ, ಇವತ್ತು ಕಾರು ಹತ್ತಿಸಲ್ಲ! ನಮ್ಮಪ್ಪ ಅಮ್ಮ ಏನು ಮಾಡಿದ್ದಾರ್ರೀ ನಿಮಗೆ? ಥೂ, ನಿಮ್ಮಂಥವರನ್ನ ನಂಬಿದ್ನಲ್ಲಾ!"

ಅನಿಲ್ ದೊಡ್ಡಗಂಗಮ್ಮನ ಕಡೆ ತಿರುಗಿದ.

"ಅಮ್ಮಾ, ಬೆಳಿಗ್ಗೆ ಇದೇ ಕಾರಲ್ಲಿ ಟೊಮೆಟೊಗೆ ಹೊಡೆಯೋ ಕೀಟದ ಔಷಧಿ ತಂದೆ. ಡಬ್ಬ ಸೋರಿ ಸೀಟೆಲ್ಲ ನೆನೆದಿದೆ. ಇದರಲ್ಲಿ ಕೂತು ಹೋಗಿ, ಅದೇ ಸೀರೆಲಿ ಹುಳಕ್ಕೆ ಸೊಪ್ಪು ಹಾಕಿದ್ರೆ ನಿಮ್ಮ ಬೆಳೆ ಉಳಿಯುತ್ತಾ?"

ದೊಡ್ಡಗಂಗಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ದೇವುಡಾ! ಒಂದು ಹುಳಾನೂ ಉಳಿಯಲ್ಲಪ್ಪಾ... ಹಂಗಾದ್ರೆ ಅವತ್ತು ನೀನು ಗೇಟಲ್ಲೇ ನಿಂತಿದ್ದು?"

"ಅವತ್ತೂ ಅಷ್ಟೇ. ಟೊಮೆಟೊ ಗಿಡಕ್ಕೆ ಕೀಟ ಬಿದ್ದಿತ್ತು, ಇದೇ ಔಷಧಿ ಹೊಡೀತಿದ್ದೆ. ರಾಹುಕಾಲ ಬರುತ್ತೆ ಅಂತ ಅಪ್ಪ ತೋಟದಿಂದ್ಲೇ ಎಳ್ಕೊಂಡು ಬಂದ. ಅಂಗಿ ಬದಲಾಯಿಸಿದ್ದೆ, ಸ್ನಾನ ಮಾಡಿರ್ಲಿಲ್ಲ."

ಆಶಾ ಹಣೆ ಚಚ್ಚಿಕೊಂಡಳು. ರೇಷ್ಮೆ ಮನೆಯಲ್ಲಿ ಹುಟ್ಟಿದವಳಿಗೆ ಎಲ್ಲಕ್ಕಿಂತ ಮೊದಲು ಹೊಳೆಯಬೇಕಾದ ಮಾತು! ಆದರೆ ಮೂಗಿನ ತುದಿಯಲ್ಲೇ ಕೋಪ ಕೂತಿದ್ದರೆ ಮೂಗು ತನ್ನ ಕೆಲಸ ಹೇಗೆ ಮಾಡೀತು?

"ಮತ್ತೆ... ನಿಮ್ಮಪ್ಪ ಹಾಗಂದಾಗ ಯಾಕೆ ಸುಮ್ನಿದ್ರಿ?" ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಅದು ನನ್ನ ತಪ್ಪು. ಎಲ್ಲರ ಮುಂದೆ ಅಪ್ಪನಿಗೆ ಎದುರು ಹೇಳೋಕೆ ಬಾಯಿ ಬರ್ಲಿಲ್ಲ. ಆಮೇಲೆ ಹೇಳೋಣ ಅಂದ್ರೆ ನೀವು ಕೇಳೋಕೇ ನಿಲ್ಲಲಿಲ್ಲ."

"ಲೇ, ಸಾಕು ಬಿಡೋ!" ಚನ್ನರಾಯಪ್ಪ ಕ್ಯಾಮೆರಾ ಕಡೆ ನೋಡುತ್ತಾ ಗದರಿದರು. "ಜನ ನೋಡ್ತಾ ಇದ್ದಾರೆ!"

"ನೋಡ್ಲಿ ಅಪ್ಪಾ. ಅವತ್ತು ನೀನಂದಿದ್ದು ಸುಳ್ಳು. ವಾಸನೆ ಇದ್ದಿದ್ದು ನನ್ನ ಮೈ ಮೇಲೆ, ಅವರ ಮನೇಲಲ್ಲ." ಅವನು ಮುನಿಯಲ್ಲಪ್ಪನವರಿಗೆ ಕೈಮುಗಿದ. "ಯಜಮಾನ್ರೇ, ನಾನು ಅವತ್ತೇ ಹೇಳ್ಬೇಕಿತ್ತು. ಕ್ಷಮಿಸಿ. ನಿಮ್ಮ ಮಗಳನ್ನ ಬಿಟ್ಟು ನನಗೆ ಬೇರೆ ಯಾರೂ ಬೇಡ."

ಕಲ್ಪವೃಕ್ಷದ ಪೇಟ ಓರೆಯಾಯಿತು. ಕ್ಯಾಮೆರಾದವನು ಅದನ್ನೂ ತೆಗೆದುಕೊಂಡ. ಸಾಹುಕಾರರು ಕೆಮ್ಮುತ್ತಾ, ತಮ್ಮದೇ ಹೆಸರಿದ್ದ ಕಲ್ಲುಬೆಂಚಿನ ಮೇಲೆ ಕುಸಿದು ಕೂತರು.

ಮುನಿಯಲ್ಲಪ್ಪ ಮಗಳ ಮುಖ ನೋಡಿದರು. ಅವಳ ಕೆನ್ನೆ ಮೇಲೆ ಕಣ್ಣೀರು ಧಾರಾಕಾರ.

"ಮಾಲೂರಿನವರಿಗೆ ಏನು ಹೇಳ್ಲಮ್ಮಾ?"

"ಬೇಡ ಅಂತ ಹೇಳಪ್ಪಾ..."

ಆಟೋ ಬಂತು. ಹತ್ತುವ ಮೊದಲು ಆಶಾ ಅವನ ಹತ್ತಿರ ಬಂದಳು. "ಒಂದು ಮಾತು ಕೇಳದೆ ಏನೇನೋ ಅಂದ್ಬಿಟ್ಟೆ... ಯಾವಾಗ ಬರ್ತೀರಾ?"

"ಹುಳ ಗೂಡು ಕಟ್ಲಿ, ಗೂಡು ಮಾರ್ಕೆಟ್ಟಿಗೆ ಹೋಗ್ಲಿ. ಅಲ್ಲಿವರೆಗೂ ಬರಲ್ಲ."

ಹೇಳಿದಂತೆಯೇ ಬಂದ. ಪಡಸಾಲೆಯ ತಟ್ಟೆಗಳು ಖಾಲಿಯಾಗಿ ಬಿಸಿಲಿಗೆ ಒಣಗುತ್ತಿದ್ದವು. ಹೊಸ ಅಂಗಿ ತೊಟ್ಟು, ಒದ್ದೆ ಕೂದಲಿನಲ್ಲಿ, ಅದೇ ಗೇಟಿನ ಹೊರಗೆ ನಿಂತ. ಆಶಾ ನೀರಿನ ಚೊಂಬು ಹಿಡಿದು ಎದುರಿಗೆ ಬಂದಳು.

"ಹುಳಾನೇ ಇಲ್ಲ ಈಗ. ಇನ್ನೂ ಯಾಕೆ ಅಲ್ಲೇ ನಿಂತಿದ್ದೀರಾ?"

"ನೀವು ಪರೀಕ್ಷೆ ಮಾಡಿ ಒಳಗೆ ಬಿಡ್ಲಿ ಅಂತ."

ಅವಳು ಅವನ ಅಂಗೈಯನ್ನು ಮೂಗಿನ ಹತ್ತಿರ ಹಿಡಿದಳು. ಬಿಡಲಿಲ್ಲ.

"ಏನಾಯ್ತು? ಇನ್ನೂ ಔಷಧಿ ವಾಸನೆ ಇದೆಯಾ?" ಅವನು ಗಾಬರಿಯಾದ.

"ಇಲ್ಲ... ಒಂದು ಸೋಪು ಪೂರ್ತಿ ಉಜ್ಜಿದ್ದೀರಾ!" ಅವಳು ಅಳುತ್ತಲೇ ನಕ್ಕಳು. "ಬನ್ನಿ ಒಳಗೆ."