ಬಿಳಿ ಜೀಪಿನ ಮೇಲೊಂದು ಸುಳ್ಳು

"ಒಳಗಿರೋದು ಗಿವಿ ಮೇಸ್ತ್ರೀನಾ?"

ಮೇಲಿನಿಂದ ಬಂದ ಗಂಡುದನಿಗೆ ಖಾತುನಾ ತಲೆಯೆತ್ತಲಿಲ್ಲ. ರಿಪೇರಿ ಗುಂಡಿಯಲ್ಲಿ ನಿಂತು, ವ್ಯಾನೊಂದರ ಹೊಟ್ಟೆಗೆ ದೀಪ ಹಿಡಿದಿದ್ದಳು.

"ಅಲ್ಲ. ಮೇಸ್ತ್ರಿ ಮಗಳು."

"ಒಂದು ಹಳೇ ಜೀಪು ತೋರಿಸ್ಬೇಕಿತ್ತು, ಕೊಳ್ಳಬಹುದಾ ಬೇಡವಾ ಅಂತ. ಅವರು ಯಾವಾಗ ಬರ್ತಾರೆ?"

"ಬಂದ್ರೂ ಅವರು ನನ್ನನ್ನೇ ಕೇಳ್ತಾರೆ."

ಆಮೇಲೆ ಗುಂಡಿಯ ಅಂಚಿನಲ್ಲಿ ಒಂದು ಮುಖ ಬಗ್ಗಿತು. ಬಿಸಿಲಿಗೆ ಕಂದಿದ ಕೆನ್ನೆ, ಗಡ್ಡದಲ್ಲಿ ಮರದ ಹೊಟ್ಟು, ನಗಲೋ ಬೇಡವೋ ಎನ್ನುವ ಕಣ್ಣು.

"ತಪ್ಪಾಯ್ತು," ಅಂದ ಅವನು. "ನೀವು ಏನಂದ್ರೂ ಅದೇ ಕೊನೆ ಮಾತು."

ಖಾತುನಾ ದೀಪವನ್ನು ವ್ಯಾನಿನಿಂದ ಅವನ ಮುಖದತ್ತ ತಿರುಗಿಸಿದಳು.

ಅವನ ಹೆಸರು ತೊರ್ನಿಕೆ. ಅಲ್ವಾನಿ ಹಳ್ಳಿಯ ಬಡಗಿ. ಅಲ್ವಾನಿಯ ಎಲ್ಲರ ಹಾಗೆ ಅವರದೂ ಎರಡು ಮನೆ. ಚಳಿಗಾಲಕ್ಕೆ ಬಯಲಲ್ಲೊಂದು, ಬೇಸಿಗೆಗೆ ತುಷೇತಿಯ ಬೆಟ್ಟದ ಮೇಲೊಂದು. ಅವನ ತಾಯಿ ಮಾರೋಗೆ ಮಂಡಿನೋವು, ಎರಡು ಬೇಸಿಗೆಯಿಂದ ಬೆಟ್ಟ ಹತ್ತಿರಲಿಲ್ಲ. ಬಾಡಿಗೆ ಟ್ರಕ್ಕಿನ ಕುಲುಕಾಟ ಅವರಿಂದ ಆಗುತ್ತಿರಲಿಲ್ಲ. ಅಕ್ಕ ಇಟಲಿಯಲ್ಲಿ ಯಾರದೋ ವಯಸ್ಸಾದ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ಅವಳ ಮಕ್ಕಳು ಲಿಜಿ ಮತ್ತು ಸಾಬಾ ಇವನ ಮಡಿಲಲ್ಲೇ ಬೆಳೆಯುತ್ತಿದ್ದರು.

"ನಾಲ್ಕು ಜನ, ಹಾಸಿಗೆ, ಹಿಟ್ಟಿನ ಮೂಟೆ... ಅಬಾನೊ ಘಾಟಿ ಹತ್ತಬೇಕು. ಅಷ್ಟು ಸಾಕು ನನಗೆ," ಅಂದ.

ಅವನು ತಂದಿದ್ದು ಹಸಿರು ಜೀಪು. ಅದರ ತಳಕ್ಕೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಸುತ್ತಿಗೆಯಿಂದ ತಟ್ಟಿ ನೋಡಲು ಜೊತೆಗೆ ಬಂದಿದ್ದ ಮಾರುವವನು ಬಿಡಲಿಲ್ಲ. ಖಾತುನಾಳಿಗೆ ಅಷ್ಟೇ ಸಾಕಾಯಿತು.

"ಬೇಡ. ಬಣ್ಣದ ಕೆಳಗೆ ಚಾಸಿ ಚೌಕಟ್ಟನ್ನ ತುಕ್ಕು ತಿಂದಿದೆ. ಘಾಟೀಲಿ ಒಂದು ಗುಂಡಿಗೆ ಬಿದ್ರೆ ಹಿಂದಿನ ಚಕ್ರ ಕಿತ್ಕೊಂಡು ಬರುತ್ತೆ."

ಅವನು ಮರುಮಾತಾಡದೆ ಒಪ್ಪಿದ. ಮುಂದಿನ ವಾರ ಇನ್ನೊಂದು ತಂದ. ಅದರ ಎಂಜಿನ್ ಎಣ್ಣೆ ಕುಡಿಯುತ್ತಿತ್ತು. ಅದೂ ಬೇಡವೆಂದಳು. ಆವತ್ತು ಅವನು ಬರಿಗೈಯಲ್ಲಿ ಬಂದಿರಲಿಲ್ಲ. ಚರ್ಮದ ಚೀಲದಲ್ಲಿ ಮಾಗಿಸಿದ ಕುರಿಹಾಲಿನ ಚೀಸ್ ತಂದಿದ್ದ.

"ಲಂಚಾನಾ?" ಅಂದಳು ಖಾತುನಾ.

"ಅಮ್ಮ ಕೊಟ್ಟಿದ್ದು. 'ನಮ್ಮ ಪ್ರಾಣ ಉಳಿಸಿದ ಹುಡುಗಿ, ತೆಳ್ಳಗಿದ್ದಾಳಾ ದಪ್ಪಗಿದ್ದಾಳಾ?' ಅಂತ ಕೇಳಿದ್ರು."

"ನೀವೇನಂದ್ರಿ?"

"ಗುಂಡಿಯೊಳಗಿದ್ಳು, ಅರ್ಧಾನೇ ಕಂಡಿದ್ದು ಅಂದೆ."

ಅವಳು ಜೋರಾಗಿ ನಕ್ಕಳು. ಷೆಡ್ಡಿನ ಮೂಲೆಯಲ್ಲಿ ಟೈರಿಗೆ ಗಾಳಿ ತುಂಬುತ್ತಿದ್ದ ಗಿವಿ ತಿರುಗಿ ನೋಡಿದ. ಮಗಳು ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ!

ಆ ವಾರವಿಡೀ ಖಾತುನಾಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದೇ ಬೋಲ್ಟನ್ನು ಎರಡೆರಡು ಸಲ ಬಿಗಿದಳು. ಹೊರಗೆ ಗಾಡಿ ನಿಂತ ಸದ್ದಾದರೆ ಸಾಕು, ಕೈ ತಾನಾಗಿ ಕೂದಲಿಗೆ ಹೋಗುತ್ತಿತ್ತು. 'ಮೂವತ್ತಮೂರು ವರ್ಷ ಆಯ್ತು ನಿನಗೆ! ಏನಿದು ಹುಚ್ಚು?'

ಮೂರನೆಯ ಜೀಪು ಬಿಳಿಯದು. ತೆಲಾವಿ ಪಟ್ಟಣದ ನಿವೃತ್ತ ಹಲ್ಲಿನ ಡಾಕ್ಟರೊಬ್ಬರದು. ಜಪಾನಿನಿಂದ ಬಂದದ್ದು, ಸ್ಟೀರಿಂಗ್ ಇಲ್ಲಿನ ಗಾಡಿಗಳ ಹಾಗೆ ಎಡಕ್ಕಲ್ಲ, ಬಲಕ್ಕೆ. ಘಾಟಿ ರಸ್ತೆಯಲ್ಲಿ ಪ್ರಪಾತದ ಅಂಚು ಚಾಲಕನ ಕಣ್ಣಿಗೇ ಕಾಣುತ್ತದೆಂದು ತುಷೇತಿಯವರು ಇಂಥದ್ದನ್ನೇ ಹುಡುಕುತ್ತಾರೆ. ಖಾತುನಾ ಒಂದು ಗಂಟೆ ಅದರ ಕೆಳಗಿದ್ದಳು. ಎಲ್ಲಿ ತಟ್ಟಿದರೂ ಗಟ್ಟಿ ಉಕ್ಕಿನ ಸದ್ದು. ಬ್ರೇಕು, ಗೇರು, ನಾಲ್ಕೂ ಚಕ್ರದ ಎಳೆತ... ಒಂದು ಕುಂದೂ ಇಲ್ಲ.

ತೊರ್ನಿಕೆ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. "ಹೇಗಿದೆ?"

'ಹೌದು ಅಂದರೆ ಇವತ್ತೇ ಕೊಳ್ಳುತ್ತಾನೆ. ಹಿಮ ಕರಗಿ ಘಾಟಿ ತೆರೆದ ದಿನವೇ ಬೆಟ್ಟ ಹತ್ತುತ್ತಾನೆ. ಮತ್ತೆ ಇಲ್ಲಿಗೆ ಬರಲು ಅವನಿಗೆ ಏನು ಕಾರಣ?'

"ಬೇಡ," ಅಂದಳು.

ಆ ಮಾತು ಬಾಯಿಂದ ಬಿದ್ದದ್ದು ಅವಳಿಗೇ ನಂಬಲಾಗಲಿಲ್ಲ.

"ಇದೂ ಬೇಡವಾ?" ಅವನ ಮುಖ ಬಾಡಿತು. "ಎಲ್ಲರೂ ಬಂಗಾರದಂಥ ಗಾಡಿ ಅಂದ್ರಲ್ಲಾ..."

"ಗೇರ್‌ಬಾಕ್ಸ್ ಸರಿಯಿಲ್ಲ. ಇನ್ನೊಂದು ನೋಡಿ. ತಗೊಂಡು ಬನ್ನಿ, ನಾನು ನೋಡ್ತೀನಿ."

ಅವನು ತಲೆಯಾಡಿಸಿ ಹೋದ.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಖಾತುನಾಳಿಗೆ ಊಟ ಸೇರಲಿಲ್ಲ. ಫೋನು ಕೈಗೆತ್ತಿಕೊಂಡು ಎಷ್ಟು ಸಲ ಕೆಳಗಿಟ್ಟಳೋ! ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ... ಏನೆಂದು ಹೇಳುವುದು?

ಜೂನಿನ ಒಂದು ಬೆಳಿಗ್ಗೆ, ರೊಟ್ಟಿ ಮುರಿಯುತ್ತಾ ಗಿವಿ ಅಂದ: "ನಿನ್ನ ಬಡಗಿ ಕೊನೆಗೆ ಆ ಹಸಿರು ಜೀಪನ್ನೇ ತಗೊಂಡನಂತೆ. ನಿನ್ನೆ ಘಾಟಿ ತೆರೀತಲ್ಲ, ಇವತ್ತು ಹೊರಡ್ತಾರಂತೆ."

"ಹಸಿರಾ?! ಅದು ಬೇಡ ಅಂತ ಹೇಳಿದ್ನಲ್ಲಪ್ಪಾ!"

"ಈ ಹುಡುಗಿ ಯಾವುದಕ್ಕೂ ಹೂಂ ಅನ್ನಲ್ಲ, ಬಿಳಿ ಗಾಡೀಲೇ ತಪ್ಪು ಹುಡುಕಿದ ಮೇಲೆ ಹಸಿರಿನಲ್ಲಿ ಹೇಳಿದ ತಪ್ಪೂ ಸುಮ್ಮನೆ ಹೇಳಿದ್ದಿರಬೇಕು ಅಂದ್ಕೊಂಡನಂತೆ."

ಖಾತುನಾ ರೊಟ್ಟಿ ಬಿಟ್ಟು ಎದ್ದಳು. ಅವಳ ಒಂದು ಸುಳ್ಳು, ಅವಳು ಹೇಳಿದ್ದ ನಿಜವನ್ನೂ ನುಂಗಿಬಿಟ್ಟಿತ್ತು!

ಫೋನು ಮಾಡಿದಳು. ಎತ್ತಲಿಲ್ಲ. ಸುತ್ತಿಗೆ ಎತ್ತಿಕೊಂಡು ಓಡಿದಳು. ಅಪ್ಪನ ಹಳೇ ಕಾರಿನಲ್ಲಿ ಎಲ್ಲೂ ನಿಲ್ಲದೆ ಅಲ್ವಾನಿ ತಲುಪಿದಳು.

ಹಸಿರು ಜೀಪಿನ ಎಂಜಿನ್ ಓಡುತ್ತಿತ್ತು. ಹಿಂದೆ ಮಕ್ಕಳು ಹಾಸಿಗೆಗಳ ನಡುವೆ ಕೂತಿದ್ದರು. ಮುಂದೆ ಮಾರೋ, ಮಡಿಲಲ್ಲಿ ಬುಟ್ಟಿ. ಖಾತುನಾ ತನ್ನ ಕಾರನ್ನು ಅಡ್ಡ ನಿಲ್ಲಿಸಿ ಇಳಿದಳು.

"ಹೋಗ್ಬೇಡಿ! ಈ ಗಾಡೀಲಿ ಹೋಗ್ಬೇಡಿ!"

ತೊರ್ನಿಕೆ ಇಳಿದು ಬಂದ. "ಬಿಳಿದಕ್ಕೂ ಹೀಗೇ ಅಂದಿದ್ರಿ."

"ನನ್ನ ಮಾತು ನಂಬಬೇಡಿ. ತಗೊಳ್ಳಿ ಸುತ್ತಿಗೆ. ಹಿಂದಿನ ಸ್ಪ್ರಿಂಗ್ ಹತ್ರ ನೀವೇ ಹೊಡೀರಿ."

ಅವನು ಅವಳ ಮುಖ ನೋಡಿದ. ಮಕ್ಕಳನ್ನು ಕೆಳಗಿಳಿಸಿದ. ಅಮ್ಮನಿಗೆ ಕೈಕೊಟ್ಟು ಇಳಿಸಿದ. ಬಗ್ಗಿ ಒಂದೇ ಏಟು ಹೊಡೆದ.

ಸುತ್ತಿಗೆ ಉಕ್ಕಿನೊಳಗೆ ಹೂತುಹೋಯಿತು. ಕೆಂಪು ಪುಡಿ ಬೂಟಿನ ಮೇಲೆ ಸುರಿಯಿತು.

ಸಾಬಾ ಬಗ್ಗಿ ನೋಡಿ, "ಮಾಮಾ, ಗಾಡಿಗೆ ತೂತಾಯ್ತು," ಅಂದ.

"ಹಾಗಾದ್ರೆ ಬಿಳಿದು?" ತೊರ್ನಿಕೆಯ ದನಿ ಗಡುಸಾಗಿತ್ತು.

"ಅದು ಚೆನ್ನಾಗಿತ್ತು. ನಾನು ಸುಳ್ಳು ಹೇಳಿದೆ."

"ಯಾರು ಹೇಳಿಸಿದ್ರು? ಎಷ್ಟು ಕೊಟ್ರು ನಿಮಗೆ?"

ಖಾತುನಾಳ ಎದೆಗೆ ಚುಚ್ಚಿದಂತಾಯಿತು. 'ಹೌದು, ದುಡ್ಡು ತಿಂದೆ' ಅಂದುಬಿಟ್ಟರೆ ಮಾನವೊಂದೇ ಹೋಗುತ್ತಿತ್ತು. ನಿಜ ಹೇಳಿದರೆ...

"ಯಾರೂ ಏನೂ ಕೊಟ್ಟಿಲ್ಲ." ಅವಳ ಕಣ್ಣು ತುಂಬಿಬಂತು. "ಗಾಡಿ ಸಿಕ್ಕಿದ್ರೆ ನೀವು ಮತ್ತೆ ಬರಲ್ಲ ಅನ್ನಿಸ್ತು. ಬರಲಿ ಅಂತ ಹೇಳಿದೆ... ಅಷ್ಟೇ. ನಿಮ್ಮನ್ನ ನೋಡ್ಬೇಕಿತ್ತು ನನಗೆ."

ತೊರ್ನಿಕೆಯ ಮುಖ ಕೆಂಪಾಯಿತು. ನಾಚಿಕೆಗಲ್ಲ, ಸಿಟ್ಟಿಗೆ.

"ಮಕ್ಕಳು ಕೂತಿದ್ರು ಇದರಲ್ಲಿ! ಗೊತ್ತಾ ನಿಮಗೆ?"

"ಗೊತ್ತು. ಡಾಕ್ಟರ ಗಾಡಿ ಇನ್ನೂ ಮಾರಿಲ್ಲ. ದಾರೀಲೇ ಫೋನ್ ಮಾಡಿ ಕೇಳ್ದೆ. ಅವರಿಗೂ ನನ್ನ ತಪ್ಪು ಹೇಳ್ಕೊಂಡಿದೀನಿ."

"ಹೋಗಿ," ಅಂದ ಅವನು.

ಅವಳು ಹೋದಳು.

ಅಪ್ಪನಿಗೆ ಎಲ್ಲ ಹೇಳಿದಳು. ಗಿವಿ ಕೈಯ ಗ್ರೀಸು ಒರೆಸಿಕೊಳ್ಳುತ್ತಾ, "ಗಾಡಿ ಕೆಟ್ರೆ ರಿಪೇರಿ ಮಾಡಬಹುದು ಕಣಮ್ಮಾ. ಮಾತು ಕೆಟ್ರೆ ಕಾಯ್ಬೇಕು," ಅಂದ.

ಹನ್ನೊಂದು ದಿನ ಕಾದಳು. ಹಸಿರನ್ನು ಮಾರಿದವನಿಗೇ ಹಿಂದಿರುಗಿಸಿ ಬಿಳಿ ಜೀಪನ್ನು ತೊರ್ನಿಕೆ ಕೊಂಡನೆಂದು, ಎಲ್ಲರೂ ಬೆಟ್ಟ ಸೇರಿದರೆಂದು ಡಾಕ್ಟರೇ ತಿಳಿಸಿದರು. ಸಮಾಧಾನವೇನೋ ಆಯಿತು. ಆದರೂ ಕೂತರೆ ಏಳಬೇಕು, ಎದ್ದರೆ ಎಲ್ಲಿಗಾದರೂ ಹೋಗಬೇಕು ಎನ್ನುವ ಸಂಕಟ ಬಿಡಲಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ ಷೆಡ್ಡಿನ ಮುಂದೆ ಬಿಳಿ ಜೀಪು ನಿಂತಿತು. ಗಾಜಿನವರೆಗೂ ಕೆಸರು. ತೊರ್ನಿಕೆ ಒಬ್ಬನೇ ಇಳಿದ.

ಖಾತುನಾ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. "ಗಾಡಿ ಏನಾದ್ರೂ ತೊಂದ್ರೆ ಕೊಡ್ತಾ?"

"ಗಾಡಿ ಚೆನ್ನಾಗಿದೆ. ನಾನೇ ಸರಿಯಿಲ್ಲ."

ಅವಳು ನೆಲ ನೋಡಿದಳು.

"ಘಾಟಿ ಉದ್ದಕ್ಕೂ ನಿಮ್ಮನ್ನ ಬೈಕೊಂಡೇ ಹೋದೆ. ಮೇಲೆ ತಲುಪೋ ಹೊತ್ತಿಗೆ ಸಿಟ್ಟೆಲ್ಲ ಖಾಲಿ. ಆಮೇಲೆ ನಿದ್ದೆ ಇಲ್ಲ, ಕೆಲ್ಸಕ್ಕೆ ಕೈ ಏಳಲ್ಲ... ಅಮ್ಮ ನಿನ್ನೆ ಬೈದ್ರು. 'ಆ ಹುಡುಗಿ ಮನೆ ಬಾಗಿಲಿಗೆ ಬಂದು ಮಕ್ಕಳ ಮುಂದೆ ನಿಜ ಒಪ್ಕೊಂಡ್ಳು. ನೀನು ಮನಸ್ಸಲ್ಲಿ ಇರೋದನ್ನ ಇನ್ನೂ ಬಚ್ಚಿಟ್ಕೊಂಡಿದೀಯ. ಈಗ ಇಬ್ಬರಲ್ಲಿ ಸುಳ್ಳು ಯಾರದ್ದು?' ಅಂದ್ರು."

"ಮನಸ್ಸಲ್ಲಿ... ಏನಿದೆ?"

ಅವನು ಒಂದು ಹೆಜ್ಜೆ ಮುಂದೆ ಬಂದ. ಮೊದಲ ಸಲ 'ನೀವು' ಬಿಟ್ಟ.

"ನೀನಿದೀಯ ಖಾತುನಾ. ಮತ್ತೆ ಸುಳ್ಳು ಹೇಳ್ಬೇಡ. ನೋಡ್ಬೇಕು ಅನ್ಸಿದ್ರೆ ಬಾ ಅಂತ ಕರಿ, ಬರ್ತೀನಿ."

"ಇನ್ನು ಹೇಳಲ್ಲ," ಅಂದಳು. ಕಣ್ಣೀರು ಒರೆಸಲು ಹೋಗಿ ಕೆನ್ನೆಗೆಲ್ಲ ಗ್ರೀಸು ಬಳಿದುಕೊಂಡಳು. ಅವನು ತನ್ನ ಅಂಗಿಯ ತೋಳಿನಿಂದ ಅದನ್ನು ಮೆಲ್ಲಗೆ ಒರೆಸಿದ.

"ಬೆಟ್ಟಕ್ಕೆ ಬರ್ತೀಯಾ? ಅಮ್ಮ ಕಾಯ್ತಿದಾರೆ."

"ಬರ್ತೀನಿ. ಆದ್ರೆ ಘಾಟೀಲಿ ನಾನೇ ಓಡಿಸೋದು."

"ಓಡಿಸು," ಅಂದ ತೊರ್ನಿಕೆ, ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು, ಆ ಕೈಯನ್ನು ಬಿಡದೆ. "ನಾನು ನಿನ್ನ ಪಕ್ಕ ಕೂತ್ಕೋತೀನಿ."