ಮತ್ತಿಗಿರಿ ಸುಗುಣಾಳ ಸೇಡು

"ಆನ್ ಆಗ್ತದೆ... ಡಿಸ್‌ಪ್ಲೇ ಮಾತ್ರ ಬರ್ತಿಲ್ಲ."

ಆ ದನಿ ಕೇಳಿದ್ದೇ ತಡ, ಸುಗುಣಾಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

ತಲೆ ಎತ್ತಿದಳು. ಅವನೇ. ನಂದೀಶ್!

ಹೋದ ದಸರಾ ಹೊತ್ತಿಗೆ ಅಮ್ಮ, ತಂಗಿ ಎಲ್ಲರನ್ನೂ ಕರೆದುಕೊಂಡು ಇವಳನ್ನು ನೋಡಲು ಬಂದು, ಕೇಸರಿಬಾತ್ ಎರಡು ಸಲ ಹಾಕಿಸಿಕೊಂಡು ತಿಂದು, ಆಮೇಲೆ 'ರಿಪೇರಿ ಅಂಗಡೀಲಿ ಕೂರೋ ಹುಡ್ಗಿ ನಮ್ಗೆ ಬೇಡ' ಎಂದು ಹೇಳಿ ಕಳಿಸಿದ ಮಹಾಶಯ.

ಈಗ ಅದೇ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿ ಬಂದಿದ್ದಾನೆ. ಅದೂ ನಗುನಗುತ್ತಾ.

'ಬಾ, ಬಾ... ಐತೆ ಇವತ್ತು ನಿಂಗೆ' ಅಂದುಕೊಂಡಳು ಸುಗುಣಾ.

"ಕೂತ್ಕೊಳಿ" ಎಂದಳು. ಸ್ಟೂಲಿನ ಮೇಲಿದ್ದ ಹಳೇ ಕೀಬೋರ್ಡುಗಳನ್ನು ಮಾತ್ರ ತೆಗೆಯಲಿಲ್ಲ. ಅಷ್ಟರಲ್ಲಿ ತಮಿಳುನಾಡಿನ ಗಡಿಯ ಜೂಜುವಾಡಿಯ ಲಾರಿ ಆಫೀಸಿನವರ ಫೋನು ಬಂತು. ಬೇಕಂತಲೇ ತಮಿಳಿನಲ್ಲಿ ಉದ್ದಕ್ಕೆ ಮಾತಾಡಿದಳು. ಅವರ ಪ್ರಿಂಟರು, ಅವರ ಮಗಳ ಬಾಣಂತನ, ಎಲ್ಲ ವಿಚಾರಿಸಿಕೊಂಡಳು. ನಂದೀಶ್ ನಿಂತೇ ಇದ್ದ.

ಕೋಪಕ್ಕೆ ಕಾರಣ ಬರೀ ಬೇಡ ಅಂದದ್ದಲ್ಲ. ಆವತ್ತು ಹಿತ್ತಿಲಲ್ಲಿ ಇಬ್ಬರನ್ನೇ ಮಾತಾಡಲು ಬಿಟ್ಟಾಗ ಅವನು ಇವಳ ಬೆರಳಿನ ಸುಟ್ಟ ಗಾಯ ನೋಡಿ, "ನೋಯ್ತದಾ?" ಎಂದು ಕೇಳಿದ್ದ. ಹುಚ್ಚು ಮನಸ್ಸು ಆ ಒಂದು ಮಾತಿಗೇ ಸೋತುಹೋಗಿತ್ತು. ಹಾಗೆ ಕೇಳಿದವನೇ ಆಮೇಲೆ ಹೀಗೆ ಹೇಳಿ ಕಳಿಸಿದರೆ ಉರಿಯದೆ ಇರುತ್ತದೆಯೇ?

"ಯಾರ್ದು ಈ ಲ್ಯಾಪ್‌ಟಾಪು?" ಫೋನಿಟ್ಟು ಕೇಳಿದಳು.

"ನಂದಿತಾದು. ನಾಳೆ ಕಾಲೇಜಲ್ಲಿ ಪ್ರಾಜೆಕ್ಟ್ ತೋರಿಸ್ಬೇಕು. ಎಲ್ಲಾ ಇದ್ರೊಳ್ಗೇ ಐತೆ."

ನಂದಿತಾ... ಅವನ ತಂಗಿ. ಇನ್ನೂ ಯಾರೂ ಹೂಂ ಅನ್ನುವ ಮುಂಚೆಯೇ ಇವಳನ್ನು 'ಅತ್ತಿಗೆ' ಎಂದು ಕರೆದುಬಿಟ್ಟಿದ್ದ ಹುಡುಗಿ. ಸುಗುಣಾಳ ಎದೆ ಒಂದು ಗಳಿಗೆ ಮೆತ್ತಗಾಯಿತು. ಕೂಡಲೇ ಗಟ್ಟಿ ಮಾಡಿಕೊಂಡಳು.

ಲ್ಯಾಪ್‌ಟಾಪ್ ತುಂಬ ಹಳೆಯದು. ಗುಂಡಿ ಒತ್ತಿದಳು. ದೀಪ ಹತ್ತಿತು, ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಮೊಬೈಲಿನ ಟಾರ್ಚ್ ಹಿಡಿದು ಓರೆಯಾಗಿ ನೋಡಿದಳು. ಮಸುಕಾಗಿಯೂ ಏನೂ ಕಾಣಲಿಲ್ಲ. ಬೇರೆ ಮಾನಿಟರಿಗೆ ವೈರು ಸಿಕ್ಕಿಸಿದರೆ ಅಲ್ಲೂ ಕತ್ತಲೆ. ಅಂದರೆ ಪರದೆಯ ತಪ್ಪಲ್ಲ. ಹಿಂದಿನ ಮುಚ್ಚಳ ಬಿಚ್ಚಿ ರ‍್ಯಾಮ್ ತೆಗೆದಳು. ಅದರ ಅಂಚಿಗೆ ಕಿಲುಬು ಕಟ್ಟಿತ್ತು. ರಬ್ಬರಿನಿಂದ ಉಜ್ಜಿ ಕೂರಿಸಿದರೆ ಸಾಕು, ಎದ್ದು ಕೂರುತ್ತದೆ.

ಸುಗುಣಾ ರಬ್ಬರ್ ಮುಟ್ಟಲಿಲ್ಲ. ಇದ್ದ ಹಾಗೇ ಒಳಗೆ ಸಿಕ್ಕಿಸಿ ಮುಚ್ಚಿದಳು.

"ಬೋರ್ಡ್ ಹೋಗ್ಬುಟ್ಟದೆ. ಇನ್ ಆಗಾಕಿಲ್ಲ. ಗುಜ್ರಿಗೆ ಹಾಕ್ಕಳಿ."

ಅವನ ಮುಖ ಇಳಿಯಿತು. ನೋಡಿ ಎಷ್ಟು ಖುಷಿಯಾಗಬೇಕಿತ್ತು! ಆಗಲಿಲ್ಲ.

"ಸರಿ ಬಿಡಿ" ಎಂದು ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿದ.

"ಬೇರೆ ಅಂಗಡೀಲೂ ತೋರ್ಸಿ ಬೇಕಾದ್ರೆ." ಬಾಯಿ ತಾನಾಗಿಯೇ ಹೇಳಿತು.

"ಯಾತಕ್ಕೆ? ನೀವು ಹೇಳಿದ್ಮೇಲೆ ಮುಗೀತು. ಆವತ್ತು ನೀವು ನನ್ನ ಬೇಡ ಅಂದಾಗ್ಲೂ ನಾನು ತಿರ್ಗಿ ಕೇಳ್ಲಿಲ್ಲ."

"ನಾನಾ? ನಾನ್ಯಾವಾಗ ಅಂದೆ?"

"ಶಿಫ್ಟ್ ಕೆಲಸದವ್ನ ಕಟ್ಕೊಂಡು ಒಬ್ಳೇ ಮನೇಲಿ ಬಿದ್ದಿರಾಕೆ ಆಗಾಕಿಲ್ಲ ಅಂದ್ರಂತೆ. ನಮ್ಮಮ್ಮ ಎರಡ್ ದಿನ ಸರಿಯಾಗಿ ಉಣ್ಲಿಲ್ಲ. ಸತ್ಯ ಹೇಳ್ಲಾ? ನಂದಿತಾ ನಿಮ್ಮಂಗ್ಡೀಗೇ ಕೊಡು ಅಂತ ಹಟ ಮಾಡಿದ್ಳು. ನಾನೂ ಸೇಡು ತೀರಿಸ್ಕೊಳಾಕೇ ಬಂದೆ. ನಿಮ್ ಮುಂದೆ ನಗ್ತಾ ನಿಂತ್ಕೊಂಡು, ನಂಗೇನೂ ಆಗಿಲ್ಲ ಅಂತ ತೋರ್ಸಾಕೆ."

ಸುಗುಣಾ ಅವನ ಕಡೆಗೇ ತಿರುಗಿದಳು. "ರಿಪೇರಿ ಅಂಗಡಿ ಹುಡ್ಗಿ ಬೇಡ ಅಂದಿದ್ದು ನೀವಲ್ವಾ?"

"ದೇವ್ರಾಣೆ ಇಲ್ಲ. ನಿಮ್ಮ ಕೆಲಸ ನೋಡೇ ಅಲ್ವಾ ನಾನು ಒಪ್ಪಿದ್ದು..."

ಬಾಗಿಲಲ್ಲಿ ಊಟದ ಕ್ಯಾರಿಯರ್ ಸದ್ದಾಯಿತು. ಮಗಳಿಗೆ ಬುತ್ತಿ ತಂದ ಮುತ್ತರಾಯಪ್ಪ ನಂದೀಶನನ್ನು ನೋಡಿ ಕಲ್ಲಾಗಿ ನಿಂತುಬಿಟ್ಟ.

"ಅಪ್ಪಾ, ಇಬ್ರಿಗೂ ಮಾತು ತಂದಿದ್ದು ನೀನೇ. ಏನ್ ನಡೀತು, ಹೇಳು."

ಮುದುಕ ತಲೆ ತಗ್ಗಿಸಿದ.

"ಮುನೇಶ್ವರನ ಗುಡೀಲಿ ಹೂ ಕೇಳ್ದೆ ಕಣವ್ವಾ. ಬಲಕ್ಕೆ ಬಿದ್ರೆ ಆಗ್ತದೆ, ಎಡಕ್ಕೆ ಬಿದ್ರೆ ಬ್ಯಾಡ ಅಂತ. ಎಡಕ್ಕೆ ಬಿತ್ತು. ಇದ್ನ ಆಚೆ ಹೇಳಿದ್ರೆ, ದೇವ್ರೇ ಬ್ಯಾಡ ಅಂದ ಹೆಣ್ಣು ಅಂತ ನಿಂಗೆ ಹೆಸ್ರು ಬರ್ತದೆ. ನಾಳೆ ಯಾರವ್ವಾ ನಮ್ಮ ಬಾಗ್ಲಿಗೆ ಬತ್ತಾರೆ? ಅದ್ಕೇ ಅವ್ರಿಗೊಂದು ಹೇಳ್ದೆ, ನಿಂಗೊಂದು ಹೇಳ್ದೆ."

"ದೇವ್ರನ್ನ ಕೇಳ್ದೆ. ನನ್ನ ಕೇಳ್ಲಿಲ್ಲ." ಸುಗುಣಾಳ ಕಣ್ಣು ತುಂಬಿತು. "ಎಡಕ್ಕೆ ಬಿತ್ತು ಅಂತ ನಿಜಾನೇ ಹೇಳಿದ್ರೆ ಅಳ್ತಿದ್ದೆ, ಇಲ್ಲ ಜಗಳ ಆಡ್ತಿದ್ದೆ. ಇವ್ರು ಆಡ್ದೆ ಇರೋ ಮಾತ್ಗೆ ಇಷ್ಟು ದಿನ ಇವ್ರನ್ನ ಶಪಿಸ್ಕೊಂಡು ಕೂತಿದ್ನಲ್ಲಪ್ಪಾ..."

"ತಪ್ಪಾಯ್ತು ಕಣವ್ವಾ. ಈಗ ಕೇಳ್ತೀನಿ. ನಿಂಗೆ ಒಪ್ಗೇನಾ?"

ಅವಳು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಮುತ್ತರಾಯಪ್ಪ ಕ್ಯಾರಿಯರ್ ಇಟ್ಟು, "ಟೀ ಕುಡ್ಕೊಂಡ್ ಬತ್ತೀನಿ" ಎಂದು ಮೆಲ್ಲಗೆ ಹೊರಗೆ ಹೋದ.

ಸುಗುಣಾ ನಂದೀಶನ ಕೈಯಿಂದ ಬ್ಯಾಗ್ ಕಿತ್ತುಕೊಂಡಳು. ಮುಚ್ಚಳ ಬಿಚ್ಚಿ, ರ‍್ಯಾಮ್ ತೆಗೆದು ರಬ್ಬರಿನಿಂದ ಗಸಗಸ ಉಜ್ಜಿದಳು. ಕೂರಿಸಿ ಗುಂಡಿ ಒತ್ತಿದಳು. ಫ್ಯಾನ್ ತಿರುಗಿತು. ಪರದೆ ಬೆಳಗಿತು.

"ಬೋರ್ಡ್ ಹೋಗೈತೆ ಅಂದ್ರಿ?"

"ಸುಳ್ಳು ಹೇಳ್ದೆ. ನಮ್ಮಪ್ಪನ ಮಗಳೇ ನಾನೂ." ಅವನ ಕಡೆ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. "ಆ ಹುಡ್ಗಿ ಓದಿಗೆ ಕಲ್ಲು ಹಾಕಾಕ್ ಹೋಗಿದ್ದೆ. ಕ್ಷಮಿಸ್ಬುಡಿ ಅಂತ ಹೇಳಿ ಅವ್ಳಿಗೆ."

"ನೀವೇ ಹೇಳಿ. ಅತ್ತಿಗೆ ಹೇಳಿದ್ರೆ ಕೇಳ್ತಾಳೆ."

ಅತ್ತಿಗೆ... ಸುಗುಣಾ ಕಣ್ಣೊರೆಸಿಕೊಂಡು ಮುಖ ಗಂಟಿಕ್ಕಿದಳು.

"ಅಷ್ಟು ಸಲೀಸಾ? ನನ್ನ ಸೇಡು ಇನ್ನೂ ತೀರಿಲ್ಲ. ನೀವಾದ್ರೂ ಒಂದ್ಸಲ ಬಂದು ಕೇಳ್ಬೋದಿತ್ತು. ಭಾನುವಾರ ನಾನೇ ಬತ್ತೀನಿ ನಿಮ್ಮನೆಗೆ, ಗಂಡು ನೋಡಾಕೆ. ಕಾಫಿ ತಟ್ಟೆ ನೀವೇ ಹಿಡ್ಕೊಂಡ್ ಬರ್ಬೇಕು. ತಲೆ ತಗ್ಗಿಸ್ಕೊಂಡು."

"ಹಾಡು ಹೇಳು ಅಂತೀರಾ?"

"ಹೂಂ. ನಡೆದೂ ತೋರಿಸ್ಬೇಕು."

ನಂದೀಶ್ ನಗಲು ಹೋಗಿ ನಿಲ್ಲಿಸಿದ. ಅವನ ದನಿ ತಗ್ಗಿತು. "ಒಪ್ಗೆ ಆಗ್ದೆ ಹೋದ್ರೆ... ಯಾರ ಕೈಲೂ ಹೇಳಿ ಕಳಿಸ್ಬೇಡಿ ಸುಗುಣಾ. ನನ್ನ ಮುಖ ನೋಡಿ ನೀವೇ ಹೇಳಿ."

ಆಗ ಅವಳು ತಲೆ ಎತ್ತಿ ಅವನ ಮುಖವನ್ನೇ ನೋಡಿದಳು.

"ಭಾನುವಾರದ ತಂಕ ಯಾಕೆ? ಈಗ್ಲೇ ಹೇಳ್ತೀನಿ ಕೇಳಿ. ನಂಗೆ ಒಪ್ಗೆ."