ಅರ್ಲ್‌ಗೆ ಹಾಕಿದ ಹಿಡಿಮಣ್ಣು

"ಹಿಡಿಮಣ್ಣು ಮಾತ್ರ ಹಾಕ್ಬೇಡಿ ಮಾರಾಯ್ರೆ," ಎಂದಳು ಹಿಲ್ಡಾ. "ಮೊದಲು ಮಣ್ಣು ಹಾಕಿದವರಿಗೇ ಇವರ ಅರ್ಲ್ ಪದವಿ ಹೋಗ್ತದೆ. ಅದರ ಜೊತೆ ಮಾಟವೂ ಉಂಟು."

ಕಾರ್ಕ್ ಊರಿನ ಆ ಸ್ಮಶಾನದಲ್ಲಿ ಗುಂಡಿ ತೋಡಿದವರನ್ನು ಬಿಟ್ಟರೆ ಹಿಲ್ಡಾ, ಸಂಪತ್ ಇಬ್ಬರೇ. ಸತ್ತವನು ಸಂಪತ್‌ನ ಮನೆಮಾಲೀಕ. ಸ್ಕಾಟ್ಲೆಂಡಿನಲ್ಲಿ ಏಳುನೂರು ವರ್ಷದಿಂದ ನಡೆದುಬಂದ ಅರ್ಲ್ ಎಂಬ ಪಾಳೆಯಗಾರ ಪದವಿಯ ಕೊನೆಯ ಕುಡಿ. ಉಡುಪಿ ಕಡೆಯ ಹಿಲ್ಡಾ ಅವನನ್ನು ಎಂಟು ವರ್ಷ ನೋಡಿಕೊಂಡವಳು. ಆ ವಂಶದಲ್ಲಿ ಹಿಂದೊಬ್ಬ ತಮ್ಮ, ತನ್ನ ಅಣ್ಣನ ಮಗುವನ್ನು ಜೀವಂತ ಹೂಳಿಸಿ ಪದವಿ ಕಿತ್ತುಕೊಂಡನಂತೆ. ಮಗುವಿನ ತಾಯಿ ಆ ಗೋರಿಯ ಮಣ್ಣಿಗೇ ಮಾಟ ಮಾಡಿದಳಂತೆ: ಪದವಿ ಹಿಡಿದವನು ಬಾಳಲಿ, ಅವನ ವಾರಸುದಾರ ಮಣ್ಣು ಕಕ್ಕಿ ಸಾಯಲಿ. ಈಗ ಸತ್ತ ಮುದುಕನೂ ತನ್ನ ಮೂರು ಗಂಡುಮಕ್ಕಳನ್ನು ಹೂತಿದ್ದ.

"ನನಗಿರೋದು ಒಬ್ಳೇ ಮಗಳು. ಇಂಥ ಪಟ್ಟ ಎಲ್ಲಾ ಗಂಡುಮಕ್ಕಳಿಗೆ ತಾನೆ?" ಸಂಪತ್ ನಕ್ಕ. ಹಿಲ್ಡಾ ಏನೋ ಹೇಳಲು ಬಂದಳು. ಕೇಳುವ ತಾಳ್ಮೆ ಅವನಿಗೆಲ್ಲಿ? ಮಂಡ್ಯದವನು, ಮಣ್ಣಿಗೆ ಬಂದು ಹಿಡಿಮಣ್ಣು ಹಾಕದೆ ಹೋಗುವುದು ಅವನ ಲೆಕ್ಕದಲ್ಲಿ ನಾಯಿಬುದ್ಧಿ. ವಿನಾಶಕಾಲೇ ವಿಪರೀತ ಬುದ್ಧಿ! ಬಗ್ಗಿದ, ಬಾಚಿದ, ಎಸೆದ. ದಡ್ ಎಂದಿತು. ಪೆಟ್ಟಿಗೆಯ ಒಳಗಿನಿಂದಲೂ ಯಾರೋ ದಡ್ ಎಂದು ಬಡಿದರು.

ಕೈಗೆ ಕೊಳೆತ ಎಲೆಯ ನಾತ ಅಂಟಿಕೊಂಡಿತು. ಕಾರಿನಲ್ಲಿ ಸ್ಯಾನಿಟೈಸರ್ ಸುರಿದುಕೊಂಡು ಉಜ್ಜಿದರೂ ಹೋಗಲಿಲ್ಲ. ಮನೆಯ ಬಾಗಿಲು ತೆಗೆದರೆ ಅದೇ ನಾತ ಒಳಗಿನಿಂದ ಮುಖಕ್ಕೆ ರಾಚಿತು.

ಸೋಫಾದ ಮೇಲೆ ಏಳು ವರ್ಷದ ಅನನ್ಯಾ ಕೆಮ್ಮುತ್ತಿದ್ದಳು. ಬಾಯಿಂದ ಹಸಿ ಕರಿಮಣ್ಣು ಉದುರುತ್ತಿತ್ತು. ಅದರಲ್ಲಿ ಎರೆಹುಳ ಮಿಸುಕುತ್ತಿತ್ತು. ಹೆಂಡತಿ ವಂದನಾ ಆಂಬುಲೆನ್ಸಿಗೆ ಫೋನ್ ಹಚ್ಚಿ ಅರಚುತ್ತಿದ್ದಳು. ಸಂಪತ್ ಹಿಲ್ಡಾಗೆ ಫೋನ್ ಮಾಡಿದ.

"ಅದನ್ನೇ ಹೇಳ್ಲಿಕ್ಕೆ ಬಂದದ್ದು! ಸ್ಕಾಟ್ಲೆಂಡಿನ ಈ ಹಳೇ ಪದವಿ ಗಂಡು ಇಲ್ಲದಿದ್ರೆ ಹೆಣ್ಣಿಗೇ ಹೋಗ್ತದೆ," ಹಿಲ್ಡಾ ಅಳುತ್ತಿದ್ದಳು. "ಅವಳು ನಿಮ್ಮ ಮಗಳಲ್ಲ ಅಂತ ಆದ್ರೆ ಮಾತ್ರ ಬಿಡ್ತದೆ. ಬೇಗ!"

ಬರೀ ಬಾಯಿಮಾತಿಗೆ ಮಾಟ ಜಗ್ಗೀತೇ? ಸಂಬಂಧ ಕಡಿಯಲು ಅವನಿಗೆ ತಿಳಿದದ್ದು ಒಂದೇ ದಾರಿ. ಅಡುಗೆಮನೆಗೆ ಓಡಿದ. ಎಳ್ಳಿನ ಡಬ್ಬಿ. ಒಂದು ಲೋಟ ನೀರು.

"ರೀ, ಬದುಕಿರೋ ಮಗೂಗೆ ಎಳ್ಳುನೀರು ಬಿಡ್ತೀರಾ?" ವಂದನಾ ಚೀರಿದಳು.

ಮಗುವಿನ ತುಟಿ ನೀಲಿ. ಕಣ್ಣು ಮೇಲೆ. ಉಸಿರಿಲ್ಲ. ಬಿಟ್ಟ. ಒಂದು ಸಲ. ಎರಡು ಸಲ. ಮೂರನೆಯ ಸಲ ಹೆಬ್ಬೆರಳ ಮೇಲಿಂದ ನೀರು ಜಾರುವಾಗ, "ಇವಳು ನನ್ನ ಮಗಳಲ್ಲ" ಎಂದ.

ಅನನ್ಯಾ ಉಸಿರೆಳೆದಳು. ಎದ್ದು ತಾಯಿಯ ಸೊಂಟ ತಬ್ಬಿ, ಸಂಪತ್‌ನನ್ನು ಹೆದರಿಕೆಯಿಂದ ನೋಡಿದಳು.

"ಮಮ್ಮಿ, ಹೂ ಈಸ್ ಹೀ?"

"ಹಾಗನ್ಬಾರ್ದು ಪುಟ್ಟಾ, ಅವರು ನಿನ್ನ ಅಪ್—"

ಅರ್ಧ ಮಾತಿಗೇ ಮಗು ಮತ್ತೆ ಕೆಮ್ಮಿತು. ಸಂಪತ್ ಹಾರಿ ಬಂದು ಹೆಂಡತಿಯ ಬಾಯಿಯನ್ನು ಎರಡೂ ಕೈಯಿಂದ ಅದುಮಿ ಹಿಡಿದ.